ಅಮೆರಿಕದಲ್ಲಿ ಮೊದಲ ಸಲ ಸೇನೆಯ ಹಳೆಯ ರೈಫಲನ್ನು ಆನ್‌ಲೈನಿನಲ್ಲಿ ಕೊಳ್ಳುವವರು ಏನನ್ನು ಗಮನಿಸಬೇಕು?

ನೀವು ಟೆಕ್ಸಾಸಿನಲ್ಲಿದ್ದೀರಿ, ಎರಡು ವರ್ಷಗಳ ಹಿಂದೆ ಗ್ರೀನ್ ಕಾರ್ಡ್ ಬಂದಿದೆ, ಚಿಕ್ಕಂದಿನಲ್ಲಿ ಪೊಲೀಸರ ಹೆಗಲ ಮೇಲೆ ನೋಡಿದ್ದಂಥ ತ್ರೀ ನಾಟ್ ತ್ರೀ ರೈಫಲೊಂದು ಹರಾಜಿನ ಜಾಲತಾಣದಲ್ಲಿ ಕಂಡಿದೆ, ಅದರ ಮೇಲೆ ಇಷಾಪುರ ಕಾರ್ಖಾನೆಯ ಮುದ್ರೆಯೂ 1967 ಎಂಬ ಇಸವಿಯೂ ಇವೆ. ಅದನ್ನು ತರಿಸಿಕೊಳ್ಳಬಹುದೇ, ಮೋಸ ಹೋಗದಿರಲು ಏನು ನೋಡಬೇಕು ಎಂದು ಕೇಳಿದ್ದೀರಿ. ನಾನು ಒಹಾಯೊ ರಾಜ್ಯದಲ್ಲಿದ್ದು, ಗ್ರೀನ್ ಕಾರ್ಡಿನ ಮೇಲೆಯೇ ಇಂಥ ಎರಡು ರೈಫಲುಗಳನ್ನು ಆನ್‌ಲೈನಿನಲ್ಲಿ ಕೊಂಡವನು. ಮೊದಲನೆಯದರಲ್ಲಿ ಕೈ ಸುಟ್ಟುಕೊಂಡೆ, ಎರಡನೆಯದು ಚೆನ್ನಾಗಿದೆ. ನನ್ನ ಉತ್ತರದ ಬಹುಪಾಲು ಆ ಮೊದಲನೆಯದರಿಂದ ಕಲಿತದ್ದು.

ಹಣ ಕಟ್ಟಿದ ಮಾತ್ರಕ್ಕೆ ರೈಫಲ್ ಮನೆ ಬಾಗಿಲಿಗೆ ಬರುವುದಿಲ್ಲ. 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ಮಾರಾಟಗಾರರು ಅದನ್ನು ನಿಮ್ಮ ರಾಜ್ಯದಲ್ಲಿ ಕೇಂದ್ರ ಪರವಾನಗಿ ಇರುವ ವ್ಯಾಪಾರಿಗೆ, ಅಂದರೆ ಇಲ್ಲಿಯವರು ಎಫ್‌ಎಫ್‌ಎಲ್ ಎಂದು ಕರೆಯುವ ಅಂಗಡಿಗೆ, ಕಳುಹಿಸಬೇಕು. ನೀವು ಆ ಅಂಗಡಿಗೆ ಹೋಗಿ, 4473 ಎಂಬ ನಮೂನೆಯನ್ನು ತುಂಬಿ, ಎಫ್‌ಬಿಐ ನಡೆಸುವ ನಿಕ್ಸ್ ಎಂಬ ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆ ಅದು ನಿಮ್ಮ ಕೈಗೆ ಬರುತ್ತದೆ. ಆದ್ದರಿಂದ ಹರಾಜಿನಲ್ಲಿ ಬೆಲೆ ಕೂಗುವುದಕ್ಕೂ ಮೊದಲು ಮನೆಯ ಹತ್ತಿರದ ಅಂಗಡಿಯೊಂದನ್ನು ಗೊತ್ತುಮಾಡಿಕೊಳ್ಳಿ. ವರ್ಗಾವಣೆಗೆ ಎಷ್ಟು ಶುಲ್ಕ, ಪರವಾನಗಿ ಇಲ್ಲದ ಖಾಸಗಿ ಮಾರಾಟಗಾರರಿಂದ ಬಂದ ಪೆಟ್ಟಿಗೆಯನ್ನು ಪಡೆದುಕೊಳ್ಳುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಟ್ಟುಕೊಳ್ಳಿ; ಕೆಲವರು ಪಡೆಯುವುದಿಲ್ಲ, ಅದು ಗೆದ್ದ ಮೇಲೆ ತಿಳಿದರೆ ಪರದಾಟ.

ನಮ್ಮಂಥ ವಲಸಿಗರಿಗೆ ಇಲ್ಲಿ ಒಂದು ಗಂಭೀರ ವಿಷಯವಿದೆ. ಗ್ರೀನ್ ಕಾರ್ಡ್ ಇರುವವರು ಕೇಂದ್ರ ಕಾನೂನಿನಂತೆ ರೈಫಲ್ ಕೊಳ್ಳಬಹುದು; ನಮೂನೆಯಲ್ಲಿ ಕಾರ್ಡಿನ ಮೇಲಿರುವ ಏಲಿಯನ್ ಸಂಖ್ಯೆಯನ್ನು ಬರೆಯಬೇಕಾಗುತ್ತದೆ. ಆದರೆ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ, ರಾಜ್ಯವೊಂದರ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನು ಹೊಂದುವುದೇ ಅಪರಾಧ. ನಿಮ್ಮ ಪ್ರಶ್ನೆಯ ಕೆಳಗೆ ಎಚ್-1ಬಿ ಗೆಳೆಯರೊಬ್ಬರಿಗೂ ಒಂದು ಕೊಂಡುಕೊಡಬಹುದೇ ಎಂದು ಕೇಳಿದ್ದೀರಲ್ಲ, ದಯವಿಟ್ಟು ಆ ಯೋಚನೆಯನ್ನು ಇಲ್ಲಿಗೇ ಬಿಡಿ. ಇನ್ನೊಬ್ಬರಿಗಾಗಿ ಕೊಳ್ಳುತ್ತಾ, ನನಗಾಗಿಯೇ ಕೊಳ್ಳುತ್ತಿದ್ದೇನೆ ಎಂದು ಆ ನಮೂನೆಯಲ್ಲಿ ಬರೆಯುವುದು ಜೈಲಿಗೆ ಹೋಗುವಷ್ಟು ದೊಡ್ಡ ಸುಳ್ಳು, ಮತ್ತು ಬಂದೂಕಿಗೆ ಸಂಬಂಧಿಸಿದ ಅಪರಾಧಗಳು ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಹಾಕಲು ಕಾರಣವಾಗುತ್ತವೆ. ಗಾಂಜಾದ ಪ್ರಶ್ನೆಯೂ ಅದರಲ್ಲಿದೆ. ರಾಜ್ಯದ ಕಾನೂನು ಒಪ್ಪಿದರೂ ಕೇಂದ್ರದ ಕಾನೂನು ಒಪ್ಪುವುದಿಲ್ಲ ಎಂದು ನಮೂನೆಯಲ್ಲೇ ಎಚ್ಚರಿಸಿರುತ್ತಾರೆ. ನನ್ನ ಮೊದಲ ಪರಿಶೀಲನೆಯ ಉತ್ತರ ತಕ್ಷಣ ಬರದೆ ಎರಡು ದಿನ ತಡವಾಯಿತು. ತಡವೆಂದರೆ ನಿರಾಕರಣೆಯಲ್ಲ, ಗಾಬರಿ ಬೇಡ.

ಇನ್ನು ನೀವು ನೋಡಿದ ರೈಫಲಿಗೆ ಬರೋಣ. ಜಾಹೀರಾತಿನಲ್ಲಿ ತ್ರೀ ನಾಟ್ ತ್ರೀ ಎಂದು ಬರೆದಿದ್ದರೂ, ಇಷಾಪುರ ಮತ್ತು 1967 ಎಂಬ ಎರಡು ಗುರುತುಗಳು ಒಟ್ಟಿಗೆ ಇದ್ದರೆ ಅದು ಬಹುಮಟ್ಟಿಗೆ ತ್ರೀ ನಾಟ್ ತ್ರೀ ಅಲ್ಲ. ಪಶ್ಚಿಮ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯು 1962ರ ಚೀನಾ ಯುದ್ಧದ ನಂತರದ ವರ್ಷಗಳಲ್ಲಿ ಹಳೆಯ ಲೀ-ಎನ್‌ಫೀಲ್ಡ್, ಅಂದರೆ ತ್ರೀ ನಾಟ್ ತ್ರೀಯ, ವಿನ್ಯಾಸವನ್ನೇ ಇನ್ನೂ ಗಟ್ಟಿಯಾದ ಉಕ್ಕಿನಲ್ಲಿ, 7.62 ಮಿ.ಮೀ. ನೇಟೊ ಗುಂಡಿಗೆ ಹೊಂದುವಂತೆ ತಯಾರಿಸಿತು. ಅದರ ಹೆಸರು 2ಎ, ಸ್ವಲ್ಪ ಬದಲಾವಣೆಗಳಾದ ಮೇಲೆ 2ಎ1. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಗುರುತಿಸುವ ಸುಲಭ ದಾರಿ ಮ್ಯಾಗಜೀನ್: ಹಳೆಯದರ ಮ್ಯಾಗಜೀನು ಹತ್ತು ಗುಂಡುಗಳದ್ದು, ಕೆಳಭಾಗ ಇಳಿಜಾರಾಗಿರುತ್ತದೆ, 2ಎ1ರದ್ದು ಹನ್ನೆರಡು ಗುಂಡುಗಳ ಚೌಕಾಕಾರದ ಡಬ್ಬಿ. ಹಿಂಬದಿಯ ಗುರಿಪಟ್ಟಿಯ ಅಂಕೆ 800ಕ್ಕೆ ನಿಂತಿದ್ದರೆ ಅದು 2ಎ1. ಈ ಎರಡು ಗುಂಡುಗಳು ಒಂದರ ಬದಲಿಗೆ ಇನ್ನೊಂದು ನಡೆಯುವಂಥವಲ್ಲ. ಮಾರುವವರಿಗೇ ಇದು ಗೊತ್ತಿಲ್ಲವೆಂದರೆ ಅವರು ಬರೆದಿರುವ ಬೇರೆ ಮಾತುಗಳನ್ನೂ ಅದೇ ಅನುಮಾನದಿಂದ ಓದಬೇಕಾಗುತ್ತದೆ.

ಭಾರತದಿಂದ ಬಂದ ರೈಫಲುಗಳಲ್ಲಿ ಇನ್ನೂ ಕೆಲವು ವಿಶೇಷಗಳಿವೆ. ಪೊಲೀಸರ ಬಳಕೆಗೆಂದು ಇಷಾಪುರದಲ್ಲಿ ಹಳೆಯ ತ್ರೀ ನಾಟ್ ತ್ರೀಗಳ ನಳಿಗೆಯ ಒಳಗನ್ನು ನುಣುಪಾಗಿ ಕೊರೆದು .410 ಬೋರಿನ ಒಂಟಿ ಈಡಿನ ಮಸ್ಕೆಟುಗಳನ್ನಾಗಿ ಮಾಡಿದ್ದರು; ಅವುಗಳಿಗೆ ಬೇಕಾದದ್ದು ಬೇರೆಯೇ ತೋಟಾ, ಅಂಗಡಿಯಲ್ಲಿ ಸಿಗುವ .410 ತೋಟಾ ಅವುಗಳಿಗಾಗಿ ಮಾಡಿದ್ದಲ್ಲ. ಮುಂಭಾಗದ ಮರದ ಸುತ್ತ ತಾಮ್ರದ ತಂತಿ ಬಿಗಿದಿದ್ದರೆ ಅದರಿಂದ ಗ್ರೆನೇಡ್ ಹಾರಿಸುತ್ತಿದ್ದರೆಂದು ಅರ್ಥ. ತಂತಿ ನೋಡಲು ಚಂದ, ಆದರೆ ಆ ಕೋವಿ ಬಹಳ ಪೆಟ್ಟು ತಿಂದಿರುತ್ತದೆ. ಡಿಪಿ ಎಂಬ ಅಕ್ಷರಗಳನ್ನು ಒತ್ತಿದ್ದರೆ ಅದು ಕವಾಯತಿಗೆ ಮಾತ್ರ ಉಳಿಸಿಕೊಂಡದ್ದು, ಅದರಿಂದ ಎಂದಿಗೂ ಗುಂಡು ಹಾರಿಸಬಾರದು. ಇನ್ನು ಕೈಬರ್ ಕಣಿವೆಯ ಕಡೆಯ ಕಮ್ಮಾರರು ಕೈಯಿಂದಲೇ ಮಾಡಿದ ನಕಲುಗಳಿವೆ. ಅಕ್ಷರ ತಿರುವುಮುರುವಾಗಿರುವುದು, ಕಿರೀಟದ ಮುದ್ರೆ ಸೊಟ್ಟಗಿರುವುದು, ಮುದ್ರೆಯಲ್ಲಿರುವ ರಾಜನ ಕಾಲಕ್ಕೆ ಹೊಂದದ ಇಸವಿ ಇರುವುದು ಅವುಗಳ ಲಕ್ಷಣ. ಗೋಡೆಗೆ ತೂಗುಹಾಕಲು ಅವು ಸೊಗಸು, ಕೆನ್ನೆಗೆ ಆನಿಸಿಕೊಳ್ಳಲು ಅಲ್ಲ.

ನನ್ನ ಮೊದಲ ರೈಫಲ್ ಇಷಾಪುರದ್ದಲ್ಲ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸ್ಯಾವೇಜ್ ಕಂಪನಿ ಬ್ರಿಟಿಷರಿಗಾಗಿ ಮಾಡಿಕೊಟ್ಟ ನಂಬರ್ 4 ಎನ್‌ಫೀಲ್ಡ್. ಬ್ರಿಟನ್ನಿಗೆ ಹೋದ ಆ ಬಂದೂಕಿನ ಮೇಲೆ ಅಮೆರಿಕದ ಸ್ವತ್ತು ಎಂಬ ಮುದ್ರೆಯಿರುತ್ತದೆ. ಆ ಮುದ್ರೆಗೇ ನಾನು ಮರುಳಾದದ್ದು. ಜಾಹೀರಾತಿನಲ್ಲಿ ಹೊರಗಿನ ಆರು ಚಿತ್ರಗಳಿದ್ದವು, ನಳಿಗೆ ಚೆನ್ನಾಗಿದೆ ಎಂಬ ಒಂದು ಸಾಲು ಇತ್ತು, ನಾನು ಮುನ್ನೂರೈವತ್ತು ಡಾಲರ್ ಕಟ್ಟಿದೆ. ಬಂದ ರೈಫಲ್ ಕಾಸ್ಮೊಲಿನ್ ಎಂಬ ತುಕ್ಕು ತಡೆಯುವ ಗಟ್ಟಿ ಗ್ರೀಸಿನಲ್ಲಿ ಮುಳುಗಿತ್ತು. ಅಂಗಡಿಯಲ್ಲಿ ಅದನ್ನು ಒರೆಸಿ ನೋಡುವ ತಾಳ್ಮೆಯಿಲ್ಲದೆ ಸಹಿ ಹಾಕಿ ಮನೆಗೆ ತಂದೆ. ಮರದ ಭಾಗಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜುಲೈ ಬಿಸಿಲಿನಲ್ಲಿ ಕಾರಿನೊಳಗೆ ಇಟ್ಟು ಗ್ರೀಸನ್ನು ಬೆವರಿಸಿದೆ (ಆ ವಾಸನೆ ಕಾರಿನಿಂದ ದೀಪಾವಳಿಯವರೆಗೂ ಹೋಗಲಿಲ್ಲ, ಮನೆಯಾಕೆಯ ಮಾತುಗಳೂ ಅಷ್ಟೇ ದಿನ ಉಳಿದವು), ಲೋಹದ ಭಾಗಗಳನ್ನು ಮಿನರಲ್ ಸ್ಪಿರಿಟ್ಸ್‌ನಲ್ಲಿ ತೊಳೆದೆ. ಗ್ರೀಸ್ ಹೋದ ಮೇಲೆ ನಿಜ ಕಂಡಿತು: ನಳಿಗೆಯೊಳಗೆ ಉದ್ದಕ್ಕೂ ತುಕ್ಕಿನ ಗುಳಿಗಳು, ಬೋಲ್ಟಿನ (ಗುಂಡನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಮೇಲಿನ ಸಂಖ್ಯೆ ಒಂದು, ಕೋವಿಯ ಮೈಮೇಲಿನ ಸಂಖ್ಯೆ ಇನ್ನೊಂದು.

ಸಂಖ್ಯೆ ಹೊಂದದಿದ್ದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ಗುಂಡಿನ ತಳದ ಅಂಚು ತಾಗಿ ನಿಲ್ಲುವ ಜಾಗಕ್ಕೂ ಇರಬೇಕಾದ ಅಂತರ ಅತಿ ಸಣ್ಣದು. ಅದಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. ತ್ರೀ ನಾಟ್ ತ್ರೀಯಲ್ಲಿ ಅದರ ಅಳತೆ 0.064ರಿಂದ 0.074 ಇಂಚಿನೊಳಗೆ ಇರಬೇಕು. ಜಾಗ ಹೆಚ್ಚಾದರೆ ಹಾರಿಸುವಾಗ ಹಿತ್ತಾಳೆಯ ಕೋಶ ಹರಿದು ಬಿಸಿ ಅನಿಲ ಮುಖದ ಕಡೆಗೆ ನುಗ್ಗಬಹುದು. ಕಾರ್ಖಾನೆಯಲ್ಲಿ ಪ್ರತಿ ಬೋಲ್ಟನ್ನೂ ಅದರದೇ ರೈಫಲಿಗೆ ಹೊಂದಿಸಿ ಸಂಖ್ಯೆ ಕೊಡುತ್ತಿದ್ದದ್ದು ಇದಕ್ಕಾಗಿಯೇ. ನನ್ನದನ್ನು ಬಂದೂಕು ದುರಸ್ತಿ ಮಾಡುವ ಗನ್‌ಸ್ಮಿತ್ ಬಳಿ ಒಯ್ದಾಗ, ಈ ಜಾಗವನ್ನು ಅಳೆಯಲು ಗುಂಡಿನ ಬದಲು ಒಳಗಿಡುವ, ಮುಚ್ಚಬಾರದ ಗೇಜಿನ ಮೇಲೆಯೂ ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡಿತು. ನಂಬರ್ 4ರಲ್ಲಿ ಬೋಲ್ಟಿನ ತಲೆಗಳು 0ಯಿಂದ 3ರವರೆಗೆ ನಾಲ್ಕು ಅಳತೆಗಳಲ್ಲಿ ಇರುವುದರಿಂದ ದೊಡ್ಡ ತಲೆ ಹಾಕಿ ಸರಿಪಡಿಸಲು ದಾರಿಯಿದೆ. ಆದರೆ 3ನೇ ಸಂಖ್ಯೆಯ ತಲೆ ಹುಡುಕಲು ನನಗೆ ಐದು ತಿಂಗಳು ಹಿಡಿಯಿತು. 2ಎ1ರಲ್ಲಿ ಆ ಅನುಕೂಲವೂ ಇಲ್ಲ. ಮಾರಿದವರಿಗೆ ಬರೆದೆ, ವರ್ಗಾವಣೆ ಆದ ಮೇಲೆ ಹಿಂತಿರುಗಿ ಪಡೆಯುವುದಿಲ್ಲ ಎಂಬ ಉತ್ತರ ಬಂತು, ಮತ್ತು ಅದನ್ನು ಅವರು ಜಾಹೀರಾತಿನ ಕೊನೆಯಲ್ಲಿ ಮೊದಲೇ ಬರೆದಿದ್ದರು.

ಈ ಒಂದು ತಪ್ಪಿನಿಂದ ಹೇಳಬಹುದಾದ ಅತಿ ಮುಖ್ಯ ಮಾತು ಇದು: ಅಂಗಡಿಯ ಮೇಜಿನ ಮೇಲೆ, 4473ಕ್ಕೆ ಸಹಿ ಹಾಕುವ ಮುನ್ನ, ರೈಫಲನ್ನು ಪೂರ್ತಿ ನೋಡಿ ಮುಗಿಸಬೇಕು. ಅಲ್ಲಿಯವರೆಗೆ ಅದು ಕಾನೂನಿನ ಪ್ರಕಾರ ನಿಮ್ಮದಲ್ಲ, ಆದ್ದರಿಂದ ವ್ಯಾಪಾರಿಯೇ ಅದನ್ನು ಹಿಂದಕ್ಕೆ ಕಳುಹಿಸಬಲ್ಲರು. ಸಹಿಯಾದ ಮೇಲೆ ಹಿಂತಿರುಗಿಸುವುದು ಇನ್ನೊಂದು ವ್ಯವಹಾರವೇ ಆಗುತ್ತದೆ. ಅನೇಕ ಮಾರಾಟಗಾರರು ಮೂರು ದಿನಗಳ ಪರೀಕ್ಷಾ ಅವಧಿ ಕೊಡುತ್ತಾರೆ, ಒಂದು ಗುಂಡು ಹಾರಿಸಿದರೂ ಅದು ರದ್ದು. ಒಂದು ಸಣ್ಣ ಟಾರ್ಚು, ನಳಿಗೆ ಒರೆಸುವ ಕೋಲು, ನಾಲ್ಕು ಬಟ್ಟೆ ತುಂಡುಗಳನ್ನು ಜೊತೆಗೆ ಒಯ್ಯಿರಿ. ಅಂಗಡಿಯವರ ಅನುಮತಿ ಪಡೆದು, ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬೋಲ್ಟ್ ತೆಗೆದು, ನಳಿಗೆಯನ್ನು ಒರೆಸಿ, ಒಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿದೆಯೇ ನೋಡಿ. ಬರೀ ಕಪ್ಪಗಿದ್ದರೆ ಅಷ್ಟು ಚಿಂತೆಯಿಲ್ಲ, ಗೆರೆಗಳೇ ಸವೆದಿದ್ದರೆ ಬಿಡಿ. ಬೋಲ್ಟಿನ ಸಂಖ್ಯೆ ಹೊಂದುತ್ತದೆಯೇ, ಹಿಡಿಯ ಕುತ್ತಿಗೆಯಲ್ಲಿ ಮರ ಬಿರುಕು ಬಿಟ್ಟಿದೆಯೇ ನೋಡಿ. ಬೇಟೆಗೆಂದು ಮುಂಭಾಗದ ಮರವನ್ನು ಕತ್ತರಿಸಿದ್ದರೆ ಅದು ಅಗ್ಗಕ್ಕೆ ಸಿಗಬೇಕು. ಅದನ್ನು ಮೊದಲಿನ ರೂಪಕ್ಕೆ ತರುವ ಖರ್ಚಿನಲ್ಲಿ ಒಳ್ಳೆಯದೊಂದನ್ನೇ ಕೊಳ್ಳಬಹುದು.

ಗುಂಡಿನ ಬಗ್ಗೆ ಎರಡು ಮಾತು. 2ಎ1ಕ್ಕೆ ಸೇನೆಯ ಅಳತೆಯ 7.62 ನೇಟೊ ಗುಂಡನ್ನೇ ಬಳಸಿ. ಹೊರಗೆ ಒಂದೇ ಥರ ಕಾಣುವ .308 ಬೇಟೆ ಗುಂಡುಗಳನ್ನು ಇಷ್ಟು ಹಳೆಯ ಕೋವಿಗೆ ಹಾಕದಿರುವುದು ಲೇಸೆಂಬುದು ನನ್ನ ಅಭಿಪ್ರಾಯ. ಸೇನೆಗಳ ಹಳೆಯ ದಾಸ್ತಾನಿನ ಗುಂಡುಗಳು ಅಗ್ಗವಾಗಿ ಸಿಕ್ಕರೆ ಅವುಗಳ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ತಳದ ಭಾಗ, ತುಕ್ಕು ತರಿಸುವಂಥದ್ದೆಂದೇ ತಿಳಿಯಿರಿ. ಅದರಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಸುಟ್ಟ ಮೇಲೆ ಉಪ್ಪಾಗಿ ನಳಿಗೆಯಲ್ಲಿ ಉಳಿಯುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಒಂದೆರಡು ದಿನಗಳಲ್ಲೇ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಅದೇ ದಿನ ಬಿಸಿನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಟ್ರಿಗರ್ ಎಳೆದಾಗ ಈಡು ಹಾರದಿದ್ದರೆ ಕೂಡಲೇ ಬೋಲ್ಟ್ ಎಳೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ಹಳೆಯ ಗುಂಡು ತಡವಾಗಿ ಹೊತ್ತಿಕೊಳ್ಳುವುದುಂಟು.

ಐವತ್ತು ವರ್ಷ ದಾಟಿದ ಬಂದೂಕುಗಳನ್ನು ಸಂಗ್ರಹಿಸುವವರಿಗೆ ಸಿ ಅಂಡ್ ಆರ್ ಎಂಬ ಪ್ರತ್ಯೇಕ ಪರವಾನಗಿ ಇದೆ. ಮೂರು ವರ್ಷಕ್ಕೆ ಮೂವತ್ತು ಡಾಲರ್, ಅದಿದ್ದರೆ ಅಂಥವು ನೇರ ಮನೆಗೇ ಬರುತ್ತವೆ, ಆದರೆ ಪ್ರತಿಯೊಂದರ ಲೆಕ್ಕವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಒಂದೇ ರೈಫಲಿಗೆ ಅದು ಬೇಡ. ಅಲಬಾಮಾದ ಆನಿಸ್ಟನ್‌ನಿಂದ ಸಿಎಂಪಿ ಎಂಬ ಸಂಸ್ಥೆ, ಅಮೆರಿಕದ ಸೇನೆ ಹಿಂದೆ ಬಳಸುತ್ತಿದ್ದ ಎಂ1 ಗ್ಯಾರಂಡ್ ರೈಫಲುಗಳನ್ನು ದರ್ಜೆ ನಮೂದಿಸಿ ಮಾರುತ್ತದೆ, ಹೊಸಬರಿಗೆ ಅದಕ್ಕಿಂತ ನಂಬಿಕೆಯ ಜಾಗ ಇಲ್ಲ. ಆದರೆ ಅವರು ಅಮೆರಿಕದ ಪೌರರಿಗೆ ಮಾತ್ರ ಕೊಡುತ್ತಾರೆ, ನೀವು ಕಾಯಬೇಕು.

ಮುಂದೆ ಊರಿಗೆ ಮರಳುವಾಗ ಒಯ್ಯುವ ಆಸೆಯಿದ್ದರೆ ಅದೂ ಆಗದು. ಭಾರತದ ಶಸ್ತ್ರ ನಿಯಮಗಳಲ್ಲಿ .303 ಮತ್ತು 7.62 ಎರಡೂ ನಿಷೇಧಿತ ಬೋರ್. ಕೊಪ್ಪದ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮಂಗ, ಹಂದಿ ಓಡಿಸಲು ಅಜ್ಜನ ಕಾಲದ ಒಂಟಿನಳಿಗೆಯ ಕೋವಿ ಇದೆ. ಅದನ್ನೇ ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಒಪ್ಪಿಸಿ ಚೀಟಿ ಪಡೆಯಬೇಕಾಗಿರುವಾಗ, ಇಷಾಪುರದ ಸೇನಾ ರೈಫಲನ್ನು ವಿಮಾನದಲ್ಲಿ ತರುವ ಮಾತೆಲ್ಲಿ!

ಈಗ ನೀವು ಮಾಡಬೇಕಾದದ್ದು ಇಷ್ಟು. ಮಾರುವವರಿಗೆ ಬರೆದು ನಾಲ್ಕು ಚಿತ್ರಗಳನ್ನು ಕೇಳಿ: ಬೆಳಕು ಹಾಯಿಸಿ ತೆಗೆದ ನಳಿಗೆಯ ಒಳಗು, ಬೋಲ್ಟಿನ ಮತ್ತು ಮೈಮೇಲಿನ ಸಂಖ್ಯೆಗಳು, ಬಲಬದಿಯಲ್ಲಿ ಕುತ್ತಿಗೆಯ ಪಟ್ಟಿಯ ಮೇಲಿನ ಮುದ್ರೆ, ಪಕ್ಕದಿಂದ ಕಾಣುವ ಮ್ಯಾಗಜೀನ್. ಕಳುಹಿಸಿದರೆ ಸಂಖ್ಯೆಯ ಕೊನೆಯ ಅಂಕೆಗಳನ್ನು ಮರೆಮಾಡಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಕಳುಹಿಸಲು ಒಪ್ಪದಿದ್ದರೆ ಬೆಲೆ ಎಷ್ಟೇ ಇಳಿದರೂ ಆ ಹರಾಜನ್ನು ಬಿಟ್ಟುಬಿಡಿ.