ಓದುಗರ ಪ್ರಶ್ನೆ: ಕರೆದ್ರೂ ಜನ ಬರ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ಬೆಂಗಳೂರಲ್ಲಿ ರಿಟೈರ್ ಆಗಿ ನಾನು, ನಮ್ಮೆಜಮಾನ್ರು ಊರಿಗೆ ವಾಪಸ್ ಬಂದಿದೀವಿ. ಮಳೆಗಾಲ ಹಿಡೀತು ಅಂದ್ರೆ ವಾರಗಟ್ಟಲೆ ಯಾರ ಮುಖನೂ ಕಾಣಲ್ಲ. ಶಾಲೇಲಿ ಮೈಕ್ ಹಾಕ್ಸಿ, ಒಬ್ಬರನ್ನ ಭಾಷಣಕ್ಕೆ ಕರೆಸಿ ಕಾರ್ಯಕ್ರಮ ಮಾಡಿದ್ವಿ, ಬಂದೋರು ಬೆರಳೆಣಿಕೆ. ನಮ್ಮೂರೋರಿಗೆ ಇದೆಲ್ಲ ಬೇಡ್ವಾ?
(ಓದುಗರೊಬ್ಬರು, ಹೊಸನಗರ ತಾಲ್ಲೂಕು)

ಉತ್ತರ: ಖಂಡಿತ ಬೇಕು ಅಕ್ಕಾ. ನಮ್ ಮಲೆನಾಡ ಕಡೆ ತೋಟ ಎಲ್ಲೋ ಮನೆ ಅಲ್ಲೇ, ಬಯಲುಸೀಮೆ ಥರ ಕೇರಿಗೆ ಕೇರಿ ಅಂಟ್ಕೊಂಡಿರಲ್ಲ, ಅದಕ್ಕೇ ಜನ ಸೇರ್ಬೇಕು ಅಂದ್ರೆ ಏನಾದ್ರೂ ಕೆಲಸ ಇರ್ಬೇಕು. ಮೊದಲೆಲ್ಲ ಕೊಯ್ಲಿನ ಟೈಮಲ್ಲಿ ರಾತ್ರಿ ಅಡಿಕೆ ಸುಲಿಯೋಕೆ ಅಕ್ಕಪಕ್ಕದೋರು ಬರೋರು, ಇವತ್ತು ನಿಮ್ಮನೆ ನಾಳೆ ನಮ್ಮನೆ ಅಂತ ಮುಯ್ಯಾಳು ಲೆಕ್ಕ, ಊರ ಸುದ್ದಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತೇ ಆಗೋದು. ಈಗ ಸುಲಿಯೋ ಮೆಷಿನ್ ಬಂದು ಕೈಗೆ ಆರಾಮಾಯ್ತು, ಸೇರೋ ನೆಪ ಹೋಯ್ತು.

ನಿಮ್ಮ ಕಾರ್ಯಕ್ರಮದಲ್ಲಿ ಬಂದೋರಿಗೆ ಕುರ್ಚಿ ಇತ್ತು, ಮಾಡೋಕೆ ಏನೂ ಇರ್ಲಿಲ್ಲ. ಈ ಸಲ ಒಂದು ತಾಳಮದ್ದಲೆ ಇಟ್ಕೊಳ್ಳಿ, ಅಂದ್ರೆ ಕೂತ್ಕೊಂಡು ಹಾಡು, ಮಾತಲ್ಲೇ ನಡೆಸೋ ಯಕ್ಷಗಾನ. ವೇಷ ಬೇಡ, ಕುಣಿತ ಬೇಡ, ಹಾಡೋಕೆ ಭಾಗವತರು, ಮದ್ದಲೆ, ಚೆಂಡೆ, ಅರ್ಥ ಹೇಳೋಕೆ, ಅಂದ್ರೆ ಪಾತ್ರದ ಮಾತಾಡೋಕೆ ನಾಲ್ಕು ಜನ, ನಿಮ್ಮನೆ ಜಗಲಿ ಸಾಕು, ಮಳೆಗಾಲದಲ್ಲಿ ಬಯಲಾಟ ಇರಲ್ಲ ಅಂತ ಭಾಗವತರೂ ಬಿಡುವಾಗಿರ್ತಾರೆ. ದೊಡ್ಡ ಅರ್ಥಧಾರಿಗಳನ್ನ ಹುಡುಕಬೇಡಿ. ಊರ ಮೇಷ್ಟ್ರು, ಸೊಸೈಟಿಲಿ ಕೆಲಸ ಮಾಡೋರು, ಕಾಲೇಜಿಗೆ ಹೋಗೋ ಹುಡುಗಿ, ಇವರಿಗೇ ಪಾತ್ರ ಕೊಡಿ, ಮಾತು ತಡವರಿಸಿದ್ರೂ ಪರವಾಗಿಲ್ಲ, ಅವರ ಮನೆಯೋರಂತೂ ಕೇಳೋಕೆ ಬಂದೇ ಬರ್ತಾರೆ. ಹೆಗ್ಗೋಡಿನ ನೀನಾಸಂ ಕೂಡ 1949ರಲ್ಲಿ ಊರೋರೇ ಹವ್ಯಾಸಕ್ಕೆ ಕಟ್ಟಿದ ನಾಟಕ ಸಂಘ, ರಂಗಶಿಕ್ಷಣ ಕೇಂದ್ರ ಶುರುವಾಗಿದ್ದು 1980ರಲ್ಲಿ, ಅಂದ್ರೆ ಮೂವತ್ತು ವರ್ಷ ಆದ್ಮೇಲೆ. ಒಂದೇ ಸಲಕ್ಕೆ ಬೇಜಾರಾಗಬೇಡಿ.

ಬರೋಕಾಗದೆ ಇರೋ ವಯಸ್ಸಾದೋರೂ ಇರ್ತಾರಲ್ಲ, ಅವರಿಗೆ ನಮ್ಮ ಅಂಟಿಗೆ ಪಂಟಿಗೆ ಇದೆ. ದೀಪಾವಳೀಲಿ ದೀಪ ಹಿಡ್ಕೊಂಡು ಹಾಡ್ತಾ ಮನೆಮನೆಗೆ ಹೋಗೋದು, ಮನೆಯೋರು ದೀಪಕ್ಕೆ ಎಣ್ಣೆ ಹಾಕೋದು. ನಿಮ್ಮೂರಲ್ಲಿ ನಿಂತುಹೋಗಿದ್ರೆ ಆ ಹಾಡು ಬರೋ ಹಿರಿಯರ ಹತ್ರ ಹುಡುಗರನ್ನ ಈಗ್ಲೇ ಕಳಿಸಿ, ಇದನ್ನ ಮಾತ್ರ ಮುಂದಿನ ವರ್ಷಕ್ಕೆ ಅಂತ ಬಿಡಬೇಡಿ.

ಇನ್ನೊಂದು, ತಾಳಮದ್ದಲೆಗೆ ದಿನ ಇಡೋವಾಗ ಯಾರ ತೋಟದಲ್ಲಿ ಯಾವತ್ತು ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೀತಾರೆ ಅಂತ ಕೇಳ್ಕೊಳ್ಳಿ, ಅವತ್ತು ಸಂಜೆ ಯಾರಿಗೂ ಕೂರೋಕೆ ತ್ರಾಣ ಇರಲ್ಲ. ವಾಟ್ಸಾಪಲ್ಲಿ ಹಾಕಿದ್ರೆ ಸಾಲಲ್ಲ, ನೀವಿಬ್ರೂ ಮನೆಗೇ ಹೋಗಿ ಕರೀರಿ, ಹಾಗೇ ರಾತ್ರಿ ವಾಪಸ್ ಬಿಡೋಕೆ ಒಂದು ಜೀಪು ಹೇಳಿಡಿ.