ಮೇಷ್ಟ್ರೇ, ಆ ಐದು ವರ್ಷಗಳ ಲೆಕ್ಕ

ಮೇಷ್ಟ್ರೇ, ನಮಸ್ಕಾರ. "ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿರುವ ಮಗಳ ಮನೆಗೆ ಬಂದು ಮೂರು ವಾರವಾಯಿತು, ನಮ್ಮಿಬ್ಬರಿಗೂ ಇಲ್ಲಿ ಕಾಯಂ ಆಗಿ ನೆಲೆಸುವ ಗ್ರೀನ್ ಕಾರ್ಡ್ ಆಗಿದೆ, ನನಗೆ 67, ಮನೆಯವಳಿಗೆ 65, ನನಗೆ ಬಿಪಿ, ಅವಳಿಗೆ ಸಕ್ಕರೆ, ಅಮೆರಿಕದಲ್ಲಿ ವಯಸ್ಸಾದವರಿಗೆ ಸರ್ಕಾರವೇ ಮೆಡಿಕೇರ್ ಎಂಬ ಆರೋಗ್ಯ ವಿಮೆ ಕೊಡುತ್ತದೆಯಂತೆ, ನಮಗೂ ಸಿಗುತ್ತದೆಯೇ" ಎಂದು ಬರೆದಿದ್ದೀರಿ. ಸಿಗುತ್ತದೆ. ಆದರೆ ಈಗಲ್ಲ, ಐದು ವರ್ಷ ಕಳೆದ ಮೇಲೆ, ಅದೂ ದುಡ್ಡು ಕೊಟ್ಟು. ಹಾಗಾಗಿ ಮೆಡಿಕೇರ್‌ಗಿಂತ ಮೊದಲು ಈ ಐದು ವರ್ಷಗಳ ಮಾತಾಡೋಣ.

ನಮ್ಮವರಲ್ಲಿ ಬಹಳ ಮಂದಿ ಒಂದು ತಪ್ಪು ತಿಳಿವಳಿಕೆಯಲ್ಲಿದ್ದಾರೆ. ಮಗಳು ಇಲ್ಲಿ ಹದಿನೈದು ವರ್ಷ ತೆರಿಗೆ ಕಟ್ಟಿದ್ದಾಳೆ, ಅದರ ಫಲ ತಂದೆತಾಯಿಗೆ ಬಂದೇ ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಸಹಿ ಹಾಕಿದ ಈ ಯೋಜನೆ ದುಡಿದವರ ಸಂಬಳದಿಂದ ಕಡಿತವಾಗುವ ಹಣದ ಮೇಲೆ ನಿಂತಿದೆ. ತಾವು ಇಲ್ಲವೇ ತಮ್ಮ ಗಂಡ ಅಥವಾ ಹೆಂಡತಿ ಇಲ್ಲಿ ಸುಮಾರು ಹತ್ತು ವರ್ಷ, ಎಂದರೆ 40 ತ್ರೈಮಾಸಿಕ, ದುಡಿದು ಆ ತೆರಿಗೆ ಕಟ್ಟಿದ್ದರೆ ಮೆಡಿಕೇರ್‌ನಲ್ಲಿ ಆಸ್ಪತ್ರೆಯ ಖರ್ಚಿನ ಭಾಗಕ್ಕೆ ತಿಂಗಳ ಕಂತು ಇರುವುದಿಲ್ಲ. ನನಗೆ ಹಾಗೆಯೇ ಸಿಕ್ಕಿತು. ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೆ. ಮಕ್ಕಳ ದುಡಿಮೆ ಈ ಲೆಕ್ಕಕ್ಕೆ ಸೇರುವುದಿಲ್ಲ. ನೀವು ಶಿವಮೊಗ್ಗದಲ್ಲಿ ಪಾಠ ಹೇಳಿದ ಮೂವತ್ತೈದು ವರ್ಷವೂ ಸೇರುವುದಿಲ್ಲ. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ, ಆದರೆ ಮೊದಲೇ ಗೊತ್ತಿರುವುದು ಒಳ್ಳೆಯದು.

ನಮ್ಮ ಅತ್ತೆ 2010ರಲ್ಲಿ ನಿಮ್ಮಂತೆಯೇ ಗ್ರೀನ್ ಕಾರ್ಡ್ ಹಿಡಿದು ಬಂದರು. ನಮಗೆ ಏನೂ ಗೊತ್ತಿರಲಿಲ್ಲ. ಪ್ರವಾಸಿಗರಿಗೆಂದು ಮಾರುವ ಅಗ್ಗದ ವಿಮೆ ಮಾಡಿಸಿ ನೆಮ್ಮದಿಯಾಗಿದ್ದೆವು. ಜನವರಿಯ ಒಂದು ಬೆಳಗ್ಗೆ ನೋಡಿದರೆ ಅತ್ತೆ ಎದೆಗೆ ಅಮೃತಾಂಜನ ಹಚ್ಚಿಕೊಂಡು, ಜೀರಿಗೆ ಕಷಾಯದ ಲೋಟ ಹಿಡಿದು, ಗೋಡೆಗೆ ಒರಗಿ ಕುಳಿತಿದ್ದರು. "ಗ್ಯಾಸ್ ಇರಬೇಕಮ್ಮ" ಎಂದರು. ಹಣೆಯ ತುಂಬ ಬೆವರು, ಹೊರಗೆ ಹಿಮ. ನೋವು ಎರಡು ದಿನದಿಂದ ಇತ್ತೆಂದು ಆಂಬ್ಯುಲೆನ್ಸ್‌ನಲ್ಲಿ ಬಾಯಿ ಬಿಟ್ಟರು. ಇಲ್ಲಿನ ಆಸ್ಪತ್ರೆಗೆ ಹೋದರೆ ಮಗ ಮುಳುಗಿಹೋಗುತ್ತಾನೆಂದು ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಸ್ಟೆಂಟ್ ಹಾಕಿ ಬದುಕಿಸಿದರು. ವಿಮೆಯವರು ಮಾತ್ರ ಬಿಪಿ ಮೊದಲೇ ಇತ್ತೆಂದು ಕೈ ತೊಳೆದುಕೊಂಡರು. ಆ ಬಿಲ್ಲನ್ನು ಮೂರು ವರ್ಷ ಕಂತಿನಲ್ಲಿ ತೀರಿಸಿದೆವು.

ಆಗ ನಮಗೆ ಬೇರೆ ದಾರಿ ಗೊತ್ತಿರಲಿಲ್ಲ. ನಿಮಗೆ ದಾರಿ ಇದೆ. 2014ರಿಂದ ಸರ್ಕಾರದ ಉಸ್ತುವಾರಿಯಲ್ಲಿ ಖಾಸಗಿ ಕಂಪನಿಗಳ ಆರೋಗ್ಯ ವಿಮೆ ಮಾರುವ ಮಾರ್ಕೆಟ್‌ಪ್ಲೇಸ್ ನಡೆಯುತ್ತಿದೆ. ನಮ್ಮ ರಾಜ್ಯದಲ್ಲಿ ಅದರ ಹೆಸರು ಗೆಟ್ ಕವರ್ಡ್ ನ್ಯೂಜೆರ್ಸಿ. ಗ್ರೀನ್ ಕಾರ್ಡ್ ಇದ್ದವರು ಮೊದಲ ದಿನದಿಂದಲೇ ಅಲ್ಲಿ ವಿಮೆ ಕೊಳ್ಳಬಹುದು. ಬಿಪಿ, ಸಕ್ಕರೆ ಇದೆಯೆಂದು ನಿರಾಕರಿಸುವಂತಿಲ್ಲ, ಅದಕ್ಕಾಗಿ ದರ ಏರಿಸುವಂತೆಯೂ ಇಲ್ಲ. ವಯಸ್ಸಿನ ಕಾರಣಕ್ಕೆ ದರ ಹೆಚ್ಚಿರುತ್ತದೆ, ನಿಜ. ಮಗಳು ತನ್ನ ತೆರಿಗೆ ವಿವರದಲ್ಲಿ ನಿಮ್ಮಿಬ್ಬರನ್ನೂ ಅವಲಂಬಿತರೆಂದು ತೋರಿಸಿದರೆ ಕಂತು ಇಳಿಸಲು ಸರ್ಕಾರ ಕೊಡುವ ಸಹಾಯಧನಕ್ಕೆ ಅವಳ ಮನೆಯ ಆದಾಯವನ್ನೇ ನೋಡುತ್ತಾರೆ. ತೋರಿಸದೆ ನಿಮ್ಮ ಪಿಂಚಣಿಯನ್ನಷ್ಟೇ ಆದಾಯವೆಂದು ಕೊಟ್ಟು, ಅದು ಇಲ್ಲಿನ ಬಡತನದ ರೇಖೆಗಿಂತ ಕೆಳಗಿದ್ದರೆ, ಹೊಸದಾಗಿ ಬಂದವರಿಗೆ 2026ರಿಂದ ಕೇಂದ್ರದ ಸಹಾಯಧನ ಇಲ್ಲ. ತೆರಿಗೆ ಲೆಕ್ಕ ಬರೆಯುವವರನ್ನು ಕೇಳಿಯೇ ಇದನ್ನು ತೀರ್ಮಾನಿಸಿ. ಅಂದಹಾಗೆ, ಬೆಂಗಳೂರಿನ ಕಂಪನಿಗಳಲ್ಲಿ ಅಪ್ಪ ಅಮ್ಮನನ್ನೂ ಆಫೀಸಿನ ವಿಮೆಗೆ ಸೇರಿಸುತ್ತಾರಲ್ಲ, ಇಲ್ಲಿ ಸಾಮಾನ್ಯವಾಗಿ ಆ ಪದ್ಧತಿ ಇಲ್ಲ. ಅಳಿಯನ ಕಂಪನಿಯನ್ನು ನಂಬಿ ಕೂರಬೇಡಿ.

ಇನ್ನು ಐದು ವರ್ಷದ ವಿಷಯ. 65 ದಾಟಿದ ಗ್ರೀನ್ ಕಾರ್ಡ್‌ದಾರರು ಈ ದೇಶದಲ್ಲಿ ಸತತವಾಗಿ ಐದು ವರ್ಷ ವಾಸವಿದ್ದರೆ ಮೆಡಿಕೇರ್ ಕೊಳ್ಳಬಹುದು. "ಸತತವಾಗಿ" ಎಂಬ ಆ ಒಂದು ಮಾತನ್ನು ಮರೆಯಬೇಡಿ. ಮಳೆಗಾಲ ಪೂರ್ತಿ ತೀರ್ಥಹಳ್ಳಿಯ ತೋಟದಲ್ಲಿರೋಣ, ಚಳಿ ಮುಗಿದ ಮೇಲೆ ಬರೋಣ ಎಂದು ತಿಂಗಳುಗಟ್ಟಲೆ ಊರಿನಲ್ಲಿ ಉಳಿದರೆ ಇಲ್ಲಿನ ವಾಸವೇ ಪ್ರಶ್ನೆಗೆ ಬರುತ್ತದೆ. ಹೋಗಿ, ಆದರೆ ಬೇಗ ಬನ್ನಿ. ನಿಮ್ಮ ಕಾರ್ಡಿನ ಮೇಲೆ ನಿವಾಸಿಯಾದ ದಿನಾಂಕ ಅಚ್ಚಾಗಿದೆ, ನೋಡಿಕೊಳ್ಳಿ. ನಮ್ಮ ಅತ್ತೆಯ ಪಾಸ್‌ಪೋರ್ಟ್ ಪ್ರತಿ, ವಿಮಾನದ ಟಿಕೆಟ್, ಬ್ಯಾಂಕಿನ ಪತ್ರ ಎಲ್ಲವನ್ನೂ ಒಂದು ನೀಲಿ ಫೈಲಿಗೆ ಹಾಕಿಟ್ಟಿದ್ದೆ. ಮೆಡಿಕೇರ್ ಅರ್ಜಿ ತೆಗೆದುಕೊಳ್ಳುವ ಸೋಶಿಯಲ್ ಸೆಕ್ಯುರಿಟಿ ಕಚೇರಿಯ ಕಿಟಕಿಯಲ್ಲಿ ಆ ಹೆಣ್ಣುಮಗಳು ಒಂದೊಂದೇ ಹಾಳೆ ಮಗುಚಿ ನೋಡಿ, ಬೇರೆ ಪ್ರಶ್ನೆ ಕೇಳದೆ ಅರ್ಜಿ ತೆಗೆದುಕೊಂಡಳು.

ಐದು ವರ್ಷ ತುಂಬಿದ ಕೂಡಲೇ ಅರ್ಜಿ ಹಾಕಿ. ಆಸ್ಪತ್ರೆ ಸೇರಿದಾಗಿನ ಖರ್ಚಿಗೆ ಪಾರ್ಟ್ ಎ, ವೈದ್ಯರು ಮತ್ತು ಪರೀಕ್ಷೆಗಳಿಗೆ ಪಾರ್ಟ್ ಬಿ, ಔಷಧಿಗೆ ಪಾರ್ಟ್ ಡಿ. ಇಲ್ಲಿ ದುಡಿಯದವರಿಗೆ 2026ರ ದರದಲ್ಲಿ ಎ ಭಾಗಕ್ಕೆ ತಿಂಗಳಿಗೆ 565 ಡಾಲರ್, ಬಿ ಭಾಗಕ್ಕೆ 202.90 ಡಾಲರ್. ಇಬ್ಬರಿಗೆ ಸೇರಿ ಸಾವಿರದ ಐನೂರು ಡಾಲರ್ ದಾಟುತ್ತದೆ. ಮಗಳೂ ಅಳಿಯನೂ ಈಗಿನಿಂದಲೇ ಇದಕ್ಕೆ ಹಣ ತೆಗೆದಿಡಬೇಕು. ಬರೀ ಬಿ ಕೊಳ್ಳುವುದಕ್ಕೂ ಅವಕಾಶವಿದೆ, ಕೆಲವರು ಹಾಗೆ ಮಾಡುತ್ತಾರೆ. ಆಸ್ಪತ್ರೆ ಸೇರಿದ ದಿನ ಅದು ಸಾಕಾಗುವುದಿಲ್ಲ, ನಾನು ಒಪ್ಪುವುದಿಲ್ಲ. ಅರ್ಜಿ ತಡವಾದರೆ ಬಿ ಭಾಗಕ್ಕೆ ಪೂರ್ತಿ ಒಂದೊಂದು ವರ್ಷದ ವಿಳಂಬಕ್ಕೆ ಶೇ 10ರಷ್ಟು ದಂಡ ಸೇರುತ್ತದೆ, ಅದನ್ನು ಬಹುತೇಕ ಜೀವಮಾನವಿಡೀ ಕಟ್ಟಬೇಕು.

ಎ, ಬಿ ಎರಡೂ ಇದ್ದರೂ ವೈದ್ಯರ ಖರ್ಚಿನಲ್ಲಿ ಶೇ 20 ನಿಮ್ಮ ಪಾಲು, ಅದಕ್ಕೆ ಮಿತಿಯೇ ಇಲ್ಲ. ಆ ಪಾಲನ್ನು ತುಂಬುವುದಕ್ಕೆ ಮೆಡಿಗ್ಯಾಪ್ ಎಂಬ ಪೂರಕ ವಿಮೆ ಇದೆ. ಬಿ ಭಾಗ ಆರಂಭವಾದ ಮೊದಲ ಆರು ತಿಂಗಳಲ್ಲಿ ಅದನ್ನು ಕೇಳಿದರೆ ಕಾಯಿಲೆಯ ನೆಪ ಹೇಳಿ ನಿರಾಕರಿಸುವಂತಿಲ್ಲ. ಬೇಡವೆಂದರೆ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ಗೆ ಸೇರಬಹುದು. ಕಂತು ಕಡಿಮೆ, ಖರ್ಚಿಗೆ ವಾರ್ಷಿಕ ಮಿತಿ ಉಂಟು, ಆದರೆ ಹೆಚ್ಚಿನವುಗಳಲ್ಲಿ ಅವರ ಪಟ್ಟಿಯ ವೈದ್ಯರ ಬಳಿಗೇ ಹೋಗಬೇಕು. ಟಿವಿಯ ಜಾಹೀರಾತು ನೋಡಿ ಫೋನ್ ಮಾಡಬೇಡಿ. ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಉಚಿತ ಸಲಹಾ ಸೇವೆ ಇದೆ, ಅಲ್ಲಿನವರಿಗೆ ಯಾವುದನ್ನೂ ಮಾರಬೇಕಾಗಿಲ್ಲ. ಮೂಲ ಮೆಡಿಕೇರ್‌ನಲ್ಲಿ ಸಾಮಾನ್ಯ ಹಲ್ಲಿನ ಚಿಕಿತ್ಸೆ, ಕನ್ನಡಕ, ಶ್ರವಣ ಸಾಧನ ಇಲ್ಲ. ಊರಿಗೆ ಹೋದಾಗ ಅಲ್ಲಿನ ಆಸ್ಪತ್ರೆಯ ಖರ್ಚನ್ನೂ ಅದು ಕೊಡುವುದಿಲ್ಲ.

ಬಡವರಿಗೆಂದು ಇರುವ ಮೆಡಿಕೈಡ್‌ಗೂ ನಮ್ಮ ರಾಜ್ಯದಲ್ಲಿ ನಿಮ್ಮಂಥ ಹೊಸಬರು ಐದು ವರ್ಷ ಕಾಯಬೇಕು. ಆದಾಯ, ಆಸ್ತಿ ಕಡಿಮೆ ಇರುವವರಿಗೆ ನ್ಯೂಜೆರ್ಸಿಯ ಆಸ್ಪತ್ರೆಗಳಲ್ಲಿ ಚಾರಿಟಿ ಕೇರ್ ಎಂಬ ನೆರವು ಇದೆ; ಬಿಲ್ ಬಂದರೆ ಹೆದರಿ ಕೂರದೆ ಮೊದಲು ಅದರ ಅರ್ಜಿ ಕೇಳಿ. ಇನ್ನೊಂದು ಮಾತು, ಇದನ್ನು ಅಮ್ಮನವರಿಗೂ ಓದಿ ಹೇಳಿ. 1986ರ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದವರನ್ನು, ವಿಮೆ ಇರಲಿ ಬಿಡಲಿ, ಪರೀಕ್ಷಿಸಿ ಅಪಾಯದಿಂದ ಪಾರು ಮಾಡಲೇಬೇಕು. ಬಿಲ್ ಆಮೇಲೆ ಬರುತ್ತದೆ, ಬರಲಿ. ಎದೆ ಹಿಡಿದುಕೊಂಡರೆ, ಮಾತು ತೊದಲಿದರೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಮಗಳನ್ನು ಎಬ್ಬಿಸಿ, 911ಕ್ಕೆ ಫೋನ್ ಮಾಡಿಸಿ. ಅತ್ತೆಯಂತೆ ಎರಡು ದಿನ ಮುಚ್ಚಿಡಬೇಡಿ.

ಈಗ ಮಾಡಬೇಕಾದ್ದು ಒಂದೇ. ದೇಶಕ್ಕೆ ಬಂದು 60 ದಿನದೊಳಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಹೆಸರು ಕೊಡಬೇಕು. ತಪ್ಪಿದರೆ ವರ್ಷಕ್ಕೊಮ್ಮೆ ತೆರೆಯುವ ನೋಂದಣಿಯವರೆಗೆ ಕಾಯಬೇಕಾದೀತು. ನಿಮಗೆ ಮೂರು ವಾರ ಕಳೆದಿದೆ, ಉಳಿದಿರುವುದು 39 ದಿನ. ಇಂದು ಸಂಜೆಯೇ ಮಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ. ತೊಡಕಾದರೆ ಭಾನುವಾರ ಬೆಳಗ್ಗೆ ಕಾಗದಪತ್ರಗಳೊಂದಿಗೆ ನಮ್ಮ ಮನೆಗೆ ಬನ್ನಿ, ತಿಂಡಿ ಮುಗಿಸಿ ಒಟ್ಟಿಗೆ ತುಂಬಿಸೋಣ.