ಹೊಸ ಕಾರಿನ ಹೆಡ್‌ಲೈಟಿಗೆ ಪಾರದರ್ಶಕ ಫಿಲ್ಮ್ ಬೇಕೆ? ಮನೆಯಲ್ಲೇ ಅಂಟಿಸಬಹುದೆ?

ಬೇಕು, ಅದೂ ಲೆನ್ಸ್ (ಹೆಡ್‌ಲೈಟಿನ ಪಾರದರ್ಶಕ ಹೊರಮುಚ್ಚಳ) ಹೊಸದಿರುವಾಗಲೇ. ಈಗಿನ ಕಾರುಗಳ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದನ್ನು ಬಿಸಿಲಿನಿಂದ ಕಾಯುವುದು ಕಾರ್ಖಾನೆಯಲ್ಲೇ ಬಳಿದ ತೆಳು ಗಟ್ಟಿ ಲೇಪನ. ಟಿಪ್ಪರ್ ಹಿಂದೆ ಹೋಗುವಾಗ ಸಿಡಿಯುವ ಜಲ್ಲಿ, ದಿನಾ ಒಣಬಟ್ಟೆಯಲ್ಲಿ ಧೂಳು ಒರೆಸುವುದು, ವರ್ಷಗಟ್ಟಲೆ ಬಿಸಿಲು, ಇವೆಲ್ಲ ಸೇರಿ ಆ ಲೇಪನ ಸವೆದ ಮೇಲೆ ಲೆನ್ಸ್ ಹಳದಿಗಟ್ಟಿ ಮಂಕಾಗುತ್ತದೆ. ಫಿಲ್ಮ್ ಇದ್ದರೆ ಆ ಪೆಟ್ಟು ಅದಕ್ಕೆ ಬೀಳುತ್ತದೆ.

ಆಗಲೇ ಹಳದಿಯಾದ ಲೆನ್ಸ್ ಮೇಲೆ ಅಂಟಿಸಿದರೆ ಹಳದಿ ಹಾಗೇ ಉಳಿಯುತ್ತದೆ. ಮೊದಲು ನೀರು ಹಾಕಿಕೊಂಡು 800, 1500, 2000, 3000 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ, ಪಾಲಿಶ್ ಮಾಡಬೇಕು. ಉಜ್ಜಿದಾಗ ಹಳೆಯ ಲೇಪನ ಪೂರ್ತಿ ಹೋಗುವುದರಿಂದ ಅಂಥ ಲೆನ್ಸಿಗೆ ಫಿಲ್ಮ್ ಇನ್ನೂ ಹೆಚ್ಚು ಅಗತ್ಯ. ಒಳಗೆ ಕಟ್ಟುವ ಹಬೆಗೆ ಮಾತ್ರ ಇದು ಮದ್ದಲ್ಲ, ಅದು ಸೀಲ್ ಅಥವಾ ಗಾಳಿಕಿಂಡಿಯ ತೊಂದರೆ.

ಕೊಳ್ಳುವಾಗ ಟಿಪಿಯು (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್) ಫಿಲ್ಮನ್ನೇ ಕೇಳಿ, ದಪ್ಪ 150ರಿಂದ 200 ಮೈಕ್ರಾನ್. ಅಗ್ಗದ ಪಿವಿಸಿ ಬಿಸಿಲಿಗೆ ತಾನೇ ಹಳದಿಯಾಗಿ, ಬಿರುಸಾಗಿ, ಅಂಚು ಸೇದಿಕೊಳ್ಳುತ್ತದೆ. ಅಂಗಡಿಯಲ್ಲೇ ಒಂದು ಚೂರು ಎಳೆದು ನೋಡಿ: ಟಿಪಿಯು ರಬ್ಬರಿನಂತೆ ಹಿಗ್ಗಿ ಹಿಂದಕ್ಕೆ ಬರುತ್ತದೆ, ಪಿವಿಸಿ ಹಿಗ್ಗಿದಷ್ಟು ಹಾಗೇ ಉಳಿಯುತ್ತದೆ. ಹೊಳಪಿನ ಪಾರದರ್ಶಕ ಫಿಲ್ಮಿನಿಂದ ಬೆಳಕು ಕಡಿಮೆಯಾದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಮ್ಯಾಟ್ ಫಿಲ್ಮ್ ಬೆಳಕನ್ನು ಚೆದುರಿಸಿ ಎದುರಿನವರ ಕಣ್ಣು ಕುಕ್ಕುತ್ತದೆ, ಕಪ್ಪು ಛಾಯೆಯದ್ದು ನಿಮ್ಮ ರಸ್ತೆಯನ್ನೇ ಕತ್ತಲು ಮಾಡುತ್ತದೆ. ಎರಡೂ ಬೇಡ.

ಮನೆಯಲ್ಲಿ ಮಾಡುವುದಾದರೆ ಗಾಳಿ ಬೀಸದ, ನೆರಳಿನ ಜಾಗ ಬೇಕು. ದೀಪ ತಣ್ಣಗಿರಲಿ. ಶಾಂಪೂವಿನಲ್ಲಿ ತೊಳೆದು, ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಆಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿ. ಬಂಪರ್ ಮತ್ತು ಬಾನೆಟ್ ಸಂದಿಯಲ್ಲಿ ಕೂತ ಧೂಳನ್ನು ಮರೆಯಬೇಡಿ, ಫಿಲ್ಮ್ ಒಳಗೆ ಸೇರುವ ಕಸ ಬಹುಪಾಲು ಅಲ್ಲಿಂದಲೇ ಬರುವುದು. ಅರ್ಧ ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ ಹಾಕಿದ ಸ್ಪ್ರೇ ಒಂದು, ನಾಲ್ಕು ಪಾಲು ನೀರಿಗೆ ಒಂದು ಪಾಲು ಆಲ್ಕೋಹಾಲ್ ಬೆರೆಸಿದ್ದು ಇನ್ನೊಂದು. ಮೊದಲನೆಯದು ಫಿಲ್ಮ್ ಜಾರಲು, ಎರಡನೆಯದು ಅಂಚು ಕಚ್ಚಿಕೊಳ್ಳಲು.

ಲೆನ್ಸ್, ಫಿಲ್ಮಿನ ಅಂಟಿನ ಬದಿ, ನಿಮ್ಮ ಬೆರಳು ಮೂರಕ್ಕೂ ಶಾಂಪೂ ನೀರು ಧಾರಾಳವಾಗಿ ಹೊಡೆಯಿರಿ. ಫಿಲ್ಮನ್ನು ಜಾರಿಸಿ ಜಾಗಕ್ಕೆ ಕೂರಿಸಿ, ನಡುಭಾಗ ಒತ್ತಿ ಹಿಡಿದು, ಸ್ಕ್ವೀಜಿಯನ್ನು (ನೀರು ಹೊರತಳ್ಳುವ ಪಟ್ಟಿ) ನಡುವಿನಿಂದ ಹೊರಕ್ಕೆ ಎಳೆಯಿರಿ. ಒಂದೊಂದು ಎಳೆತವೂ ಹಿಂದಿನದರ ಅರ್ಧದ ಮೇಲೆ ಹಾಯಲಿ. ಹೆಚ್ಚಿನವರು ಸೋಲುವುದು ಮೂಲೆಯ ತಿರುವಿನಲ್ಲಿ: ಸುಕ್ಕು ಕಂಡ ಕೂಡಲೇ ಜೋರಾಗಿ ಎಳೆಯುತ್ತಾರೆ. ಆಗ ಅಂಟು ಗೀರುಗೀರಾಗಿ ಬಿಳಿಚುತ್ತದೆ, ಎಳೆದ ಫಿಲ್ಮ್ ಬಿಸಿಲಿಗೆ ಹಿಂದಕ್ಕೆ ಸೇದಿ ಅಂಚು ಏಳುತ್ತದೆ. ಬದಲಿಗೆ ಆ ಭಾಗ ಎತ್ತಿ, ಮತ್ತೆ ಶಾಂಪೂ ನೀರು ಹೊಡೆದು, ಹೇರ್ ಡ್ರೈಯರಿನಲ್ಲಿ ಬೆಚ್ಚಗೆ ಮಾಡಿ, ಸುಕ್ಕನ್ನು ಎರಡು ಮೂರು ಕಡೆಗೆ ಹಂಚುತ್ತ ಕೂರಿಸಿ. ಕೊನೆಗೆ ಅಂಚುಗಳಿಗೆ ಆಲ್ಕೋಹಾಲ್ ನೀರು ಹೊಡೆದು ಒತ್ತಿ.

ಬ್ಲೇಡನ್ನು ಲೆನ್ಸ್ ಮೇಲೆ ಆಡಿಸಬೇಡಿ, ಅದರ ಗೀರು ಸುಲಭಕ್ಕೆ ಅಳಿಯದು. ನಿಮ್ಮ ಮಾಡೆಲಿಗೆ ಮೊದಲೇ ಕತ್ತರಿಸಿದ ಕಿಟ್ ಸಿಕ್ಕರೆ ಅದೇ ಕ್ಷೇಮ. ಕಾಗದದಲ್ಲಿ ಅಚ್ಚು ತೆಗೆದು ನೀವೇ ಕತ್ತರಿಸುವುದಾದರೆ ಲೆನ್ಸಿನ ಅಂಚಿಗಿಂತ 2 ಮಿ.ಮೀ. ಒಳಗೇ ನಿಲ್ಲಿಸಿ, ಇಲ್ಲವಾದರೆ ಬಂಪರ್ ತಾಗಿ ಏಳುತ್ತದೆ.

ಉಳಿದ ಸಣ್ಣ ನೀರಿನ ಗುಳ್ಳೆಗಳು ಒಂದೆರಡು ವಾರದಲ್ಲಿ ತಾವೇ ಆರುತ್ತವೆ, ಚುಚ್ಚಬೇಡಿ. ನಡುವೆ ಕಸದ ಚುಕ್ಕೆ ಕಾಣುವ ಗುಳ್ಳೆ ಹೋಗುವುದಿಲ್ಲ. ಒಂದು ವಾರ ಕಾರು ತೊಳೆಯಬೇಡಿ, ಆಮೇಲೂ ಪ್ರೆಷರ್ ವಾಷರಿನ ಮೂತಿಯನ್ನು ಅಂಚಿಗೆ ನೇರ ಹಿಡಿಯಬೇಡಿ. ಫಿಲ್ಮ್ ಮಂಕಾದಾಗ ಬಿಸಿ ಮಾಡಿ, ಲೆನ್ಸಿಗೆ ಒರಗಿದಂತೆ ತಗ್ಗಿಸಿ ನಿಧಾನವಾಗಿ ಸುಲಿಯಿರಿ. ಉಳಿದ ಅಂಟಿಗೆ ಥಿನ್ನರ್, ಪೆಟ್ರೋಲ್ ಹಚ್ಚಿದರೆ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.